ನಾಲ್ಕನೇ ಕೊಕ್ಕೆಯ ಬಿಲ್ಲೆ

"ಸತ್ತಿರೋರು ನಮ್ಮ ದೊಡ್ಡಪ್ಪ. ಪೊಲೀಸರು ಹಿಡ್ಕೊಂಡು ಹೋಗಿರೋದು ನಮ್ಮ ಇಸ್ತ್ರಿ ತಾತನ್ನ. ಆ ಮುದುಕ ಒಂದು ಇರುವೆ ತುಳಿದೋನಲ್ಲ ಸಾರ್. ಹೇಗಾದ್ರೂ ಮಾಡಿ ಬಿಡಿಸ್ಕೊಡಿ."

ಇಷ್ಟು ಹೇಳಿ ಲಾಂಡ್ರಿಯ ಅಕ್ಕ ಕೈ ಮುಗಿದಳು. ಮಂಗಳವಾರ ಬೆಳಿಗ್ಗೆ ಹನ್ನೊಂದರ ಚಹಾಕ್ಕೆಂದು ಸರ್ವೇಯರ ಕೋಣೆಗೆ ಬಂದಿದ್ದ ಕಂಪೌಂಡರ್ ಲೋಟವನ್ನು ಕೆಳಗಿಟ್ಟುಬಿಟ್ಟ. ಈ ಅಕ್ಕನ ಪರಿಚಯ ಅವನಿಗಿತ್ತು. ಶನಿವಾರ ತಮ್ಮನ ಮಗಳು ಪುಟ್ಟಿಗೆ ಜ್ವರವೆಂದು ಹನ್ನೆರಡೂವರೆಗೇ ಬಂದು, ಡಾಕ್ಟರು ಬರುವ ತನಕ, ಅಂದರೆ ನಾಲ್ಕು ಗಂಟೆಯವರೆಗೂ, ಅವನ ಔಷಧದಂಗಡಿಯ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಗುವಿನ ತಾಯಿ ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ.

ಸರ್ವೇಯರ್ ಎಂದರೆ ಹೊಲ ಅಳೆಯುವವರಲ್ಲ. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಸುಟ್ಟ ಗೋದಾಮು, ಸಿಡಿದ ಬಾಯ್ಲರು ನೋಡಿ, ಬೆಂಕಿ ತಾನಾಗಿ ಹತ್ತಿದ್ದೋ ಯಾರಾದರೂ ಹಚ್ಚಿದ್ದೋ ಎಂದು ವರದಿ ಬರೆದವರು. ನಿವೃತ್ತಿಯಾದರೂ ಹುಟ್ಟುಗುಣ ಬಿಟ್ಟಿರಲಿಲ್ಲ. ಪೊಲೀಸರಿಗೆ ಕಗ್ಗಂಟಾದ ಕೇಸುಗಳು ಹೇಗೋ ಅವರ ಮೆಟ್ಟಿಲು ಹತ್ತಿ ಬರುತ್ತಿದ್ದವು. ಕಂಪೌಂಡರ್ ಅವರ ಬಲಗೈ ಎಂದು ಬೀದಿಯವರು ಹೇಳುತ್ತಿದ್ದರು. ಅಳತೆಪಟ್ಟಿಯ ತುದಿ ಹಿಡಿಯುವುದು, ಬೈಸಿಕೊಳ್ಳುವುದು, ಇಷ್ಟೇ ತನ್ನ ಪಾಲಿಗೆ ಬಂದದ್ದು ಎಂದು ಅವನು ಗೊಣಗುತ್ತಿದ್ದ. ಆದರೂ ಅವರು ಕರೆದರೆ ಸಾಕು, ಅಂಗಡಿಗೆ ಬೀಗ ಜಡಿದು ಹೊರಟೇಬಿಡುತ್ತಿದ್ದ.

"ಒಂದು ಮಾತು ಮೊದಲೇ ಹೇಳಿಬಿಡ್ತೀನಮ್ಮ," ಎಂದರು ಸರ್ವೇಯರ್. "ನಾನು ಹುಡುಕೋಕೆ ಶುರು ಮಾಡಿದ್ಮೇಲೆ ಅದು ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೋ ನಂಗೊತ್ತಿಲ್ಲ. ಆಮೇಲೆ ಸಾಕು ನಿಲ್ಸಿ ಅಂದ್ರೆ ನಾನು ನಿಲ್ಸೋನಲ್ಲ."

ಅಕ್ಕ ನೆಲ ನೋಡಿದಳು. "ನಿಲ್ಲಿಸಬೇಡಿ ಸಾರ್," ಎಂದಳು.

ಲಾಂಡ್ರಿ ಹಳೆಯದು. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟು ಒಗೆದುಕೊಡುವುದು ಅಲ್ಲಿನ ಕೆಲಸ. ಮುಂದೆ ಕೌಂಟರು, ಅದರ ಹಿಂದೆ ತೊಟ್ಟಿಗಳು, ಇಸ್ತ್ರಿ ಮೇಜುಗಳು, ಕೊನೆಯಲ್ಲಿ ಬಿಸಿಕೋಣೆ. ಬಾಯ್ಲರಿನ ಆವಿ ಕೊಳವೆಗಳಲ್ಲಿ ಹರಿದು ಆ ಕೋಣೆಯನ್ನು ಕಾಯಿಸುತ್ತದೆ, ಸಾಲುಸಾಲು ಸರಳುಗಳಿಗೆ ಇಳಿಬಿಟ್ಟ ಬಟ್ಟೆ ಅಲ್ಲಿ ಒಣಗುತ್ತದೆ. ಕಿಟಕಿಯಿಲ್ಲ. ಚಿಲಕ ಹೊರಗಡೆಗೆ ಮಾತ್ರ. ಸೋಮವಾರ ಬೆಳಿಗ್ಗೆ ಆ ಬಾಗಿಲು ತೆರೆದಾಗ ದೊಡ್ಡಪ್ಪ ಒಳಗೆ ಬಿದ್ದಿದ್ದರು. ಸತ್ತದ್ದು ಶನಿವಾರ ಮಧ್ಯಾಹ್ನವೇ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಶನಿವಾರ ಅರ್ಧ ದಿನ, ಭಾನುವಾರ ರಜೆ. ಪ್ರತಿ ಶನಿವಾರ ಮಧ್ಯಾಹ್ನ ದೊಡ್ಡಪ್ಪ ಬಸ್ಸು ಹತ್ತಿ ಪಕ್ಕದ ಊರಿನ ಗೆಳೆಯನ ಮನೆಗೆ ಹೋಗಿ ಸೋಮವಾರ ಬರುತ್ತಿದ್ದರಾದ್ದರಿಂದ ಮನೆಯಲ್ಲಿ ಯಾರೂ ಹುಡುಕಿರಲಿಲ್ಲ.

"ಇಲ್ಲಿ ಒಂದು ಕ್ರಮ ಇದೆ," ಎಂದು ಅಕ್ಕ ವಿವರಿಸಿದಳು. ಕೌಂಟರಿನ ಪಕ್ಕದ ಹಲಗೆಯಲ್ಲಿ ಆರು ಕೊಕ್ಕೆಗಳಿದ್ದವು. ಒಬ್ಬೊಬ್ಬರಿಗೂ ಒಂದೊಂದು ಹಿತ್ತಾಳೆ ಬಿಲ್ಲೆ. ಬಿಸಿಕೋಣೆಯೊಳಗೆ ಕಾಲಿಡುವವರು ತಮ್ಮ ಬಿಲ್ಲೆಯನ್ನು ಆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಕು, ಹೊರಬಂದಾಗ ತೆಗೆದುಕೊಳ್ಳಬೇಕು, ಮನೆಗೆ ಹೋಗುವಾಗ ಹಲಗೆಗೆ ಹಾಕಬೇಕು. ಮೊಳೆಯಲ್ಲಿ ಬಿಲ್ಲೆ ಇರುವ ತನಕ ಬಾಗಿಲು ಹಾಕುವಂತಿಲ್ಲ. "ಬಿಲ್ಲೆ ಇಲ್ಲ ಅಂದ್ರೆ ಆಳಿಲ್ಲ, ಅಂತ ದೊಡ್ಡಪ್ಪ ನಮಗೆಲ್ಲ ಬಾಯಿಪಾಠ ಮಾಡ್ಸಿದ್ರು. ಅವರಿಗೆ ಕಿವಿ ಕೇಳ್ತಿರಲಿಲ್ಲ. ಕೂಗಿದ್ರೆ ಪ್ರಯೋಜನ ಇಲ್ಲ ನೋಡಿ."

"ಶನಿವಾರ ಅವರ ಬಿಲ್ಲೆ ಎಲ್ಲಿತ್ತು?"

"ಹಲಗೇಲಿ. ಒಂದನೇ ಕೊಕ್ಕೇಲಿ."

ಅದೇ ಪೊಲೀಸರ ವಾದವಾಗಿತ್ತು. ಇಸ್ತ್ರಿ ತಾತನಿಗೆ ಕಣ್ಣು ಮಂಜಾಗಿದೆ, ಇನ್ನು ಮನೆಯಲ್ಲಿರು ಎಂದು ಶುಕ್ರವಾರ ದೊಡ್ಡಪ್ಪ ಹೇಳಿದ್ದರಂತೆ, ದೊಡ್ಡ ಜಗಳವೇ ಆಗಿತ್ತಂತೆ. ದಿನಾ ಬಾಗಿಲು ಹಾಕುವವನು ತಾತನೇ. ದೊಡ್ಡಪ್ಪ ಒಳಗಿದ್ದದ್ದು ಕಂಡು, ಮೊಳೆಯಿಂದ ಬಿಲ್ಲೆ ತೆಗೆದು ಹಲಗೆಗೆ ಸಿಕ್ಕಿಸಿ, ಚಿಲಕ ಹಾಕಿ ಬಸ್ಸು ಹತ್ತಿದ ಎನ್ನುವುದು ಇನ್‌ಸ್ಪೆಕ್ಟರ ಲೆಕ್ಕ.

"ಒಗೆಯೋರು?"

"ಇಬ್ರು ಹೆಂಗಸರು. ಹನ್ನೊಂದಕ್ಕೇ ಬಿಲ್ಲೆ ಹಾಕಿ ಜೊತೇಲಿ ಹೋದ್ರು. ಆಗ ದೊಡ್ಡಪ್ಪ ಇಲ್ಲೇ ನನ್ನ ಹತ್ರ ಮಾತಾಡ್ತಾ ನಿಂತಿದ್ರು."

ಕಂಪೌಂಡರ್ ಹಲಗೆ ನೋಡುತ್ತ ಎಣಿಸಿದ. ಒಂದು ದೊಡ್ಡಪ್ಪನದು, ಎರಡು ತಾತನದು, ಮೂರು ಅಕ್ಕನದು, ಐದು ಆರು ಒಗೆಯುವವರದು. ನಾಲ್ಕನೆಯದು ಖಾಲಿ.

"ಇದು ನಿಮ್ಮ ತಮ್ಮನದಾ?"

"ಅಲ್ಲ. ಅವನಿಗೆ ಬಿಲ್ಲೇನೇ ಇಲ್ಲ. ಬಾಯ್ಲರ್ ಅವನದು, ಬಿಸಿಕೋಣೆ ಒಳಗೆ ಅವನು ಕಾಲಿಡಲ್ಲ." ಅಕ್ಕನ ದನಿ ಇಳಿಯಿತು. "ಅದು ಮರಿಗೆ ಅಂತ ಬಿಟ್ಟಿದ್ದು. ನಮ್ಮ ಕಡೇ ತಂಗಿ. ಇಪ್ಪತ್ತಾರು ವರ್ಷದ ಹಿಂದೆ ಅದೇ ಕೋಣೇಲಿ ಸಿಕ್ಕಿಹಾಕೊಂಡು ಹೋಗ್ಬಿಟ್ಲು. ನಾಲ್ಕು ವರ್ಷ ಅವಳಿಗೆ, ನಂಗೆ ಒಂಬತ್ತು. ಅಪ್ಪ ಅಮ್ಮ ಮುಂಚೇನೇ ಇರಲಿಲ್ಲ, ದೊಡ್ಡಪ್ಪನೇ ಸಾಕ್ತಿದ್ರು. ಒಳಗೆ ನೋಡದೆ ನಾನೇ ಚಿಲಕ ಹಾಕ್ಬಿಟ್ಟೆ ಅಂತ ಊರಿಗೆಲ್ಲ ಹೇಳ್ಕೊಂಡು ಅತ್ರು. ಆಮೇಲೇ ಈ ಬಿಲ್ಲೆ ಕ್ರಮ ಬಂದಿದ್ದು."

ಮಗು ಸತ್ತ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಒಣಗಿಸಿ ಬದುಕು ನಡೆಸುವುದೆಂದರೆ ಏನು ಕರ್ಮವಪ್ಪಾ ಎಂದುಕೊಂಡ ಕಂಪೌಂಡರ್.

ಬಿಸಿಕೋಣೆಯ ಬಾಗಿಲ ಮುಂದೆ ಸರ್ವೇಯರ್ ಹತ್ತು ನಿಮಿಷ ನಿಂತರು. ಚಿಲಕ ತೀರಾ ಎತ್ತರದಲ್ಲಿತ್ತು. ಅದನ್ನು ಮುಟ್ಟಲು ಕಂಪೌಂಡರ್ ಅಲ್ಲೇ ಇದ್ದ ಮರದ ಮಣೆ ಹತ್ತಬೇಕಾಯಿತು. ಕೆಳಗೆ, ಅವನ ಹೆಗಲ ಮಟ್ಟದಲ್ಲಿ, ಹಳೆಯ ಚಿಲಕದ ನಾಲ್ಕು ತೂತುಗಳನ್ನು ಮರದ ಚೂರಿನಿಂದ ಮುಚ್ಚಿ ಬಣ್ಣ ಬಳಿದಿದ್ದರು.

"ಇದನ್ನ ಮೇಲಕ್ಕೆ ಯಾವಾಗ ಹಾಕಿದ್ದು?"

"ಮರಿ ಹೋದ ವಾರದಲ್ಲೇ," ಎಂದಳು ಅಕ್ಕ.

ಒಳಗೆ ಶನಿವಾರದ ಬಟ್ಟೆ ಇನ್ನೂ ನೇತಾಡುತ್ತಿತ್ತು. ಸರ್ವೇಯರ್ ಒಂದು ಶೀಟಿನ ಅಂಚನ್ನು ಹಿಡಿದು ಮೂಸಿದರು, ಬೆಳಕಿಗೆ ತಂದು ನೋಡಿದರು. ಕೊಳವೆಗಳ ಕಡೆಗಿದ್ದ ಅಂಚುಗಳೆಲ್ಲ ಚಹಾ ಚೆಲ್ಲಿದ ಬಣ್ಣಕ್ಕೆ ತಿರುಗಿದ್ದವು. ಬಾಗಿಲ ಪಕ್ಕದ ಗೋಡೆಯಲ್ಲಿ ಕಿತ್ತುಹೋದ ಹಗ್ಗದ ತುಂಡೊಂದು ನೇತಾಡುತ್ತಿತ್ತು.

"ಒಳಗೆ ಸಿಕ್ಕಿಕೊಂಡೋರು ಎಳೀಲಿ ಅಂತ ಗಂಟೆ ಹಗ್ಗ," ಎಂದಳು ಅಕ್ಕ. "ಬಾಯ್ಲರ್ ಮನೇಲಿ ಗಂಟೆ ಬಾರಿಸುತ್ತೆ. ಹಗ್ಗದ ತುದಿ ದೊಡ್ಡಪ್ಪನ ಕೈಯಲ್ಲೇ ಇತ್ತು."

ಬಾಯ್ಲರ್ ಮನೆ ಅಂಗಳದ ಆಚೆಗೆ. ತಮ್ಮ ಅಲ್ಲಿದ್ದ, ಮೂವತ್ತೆರಡರ ಗಟ್ಟಿ ಆಳು, ಮಾತು ಕಮ್ಮಿ. ಬಾಗಿಲು ಅರ್ಧ ತೆರೆದೇ ಇತ್ತು. ಮಡಿಸಿದ ಟವೆಲೊಂದನ್ನು ಅದರ ಸಂದಿಗೆ ತುರುಕಿತ್ತು. ಕಂಪೌಂಡರ್ ಒಳಬಂದವನು ಸಭ್ಯತೆಗೆಂದು ಟವೆಲು ಎಳೆದು ಬಾಗಿಲು ಮುಂದೂಡಿದ. ತಮ್ಮ ಎರಡೇ ಹೆಜ್ಜೆಗೆ ಅಡ್ಡ ಬಂದು ಬಾಗಿಲು ಹಿಡಿದ.

"ಮುಚ್ಚಬೇಡಿ."

ಬೆವರು ಅವನ ಹಣೆಯಲ್ಲಿ ಸಾಲುಗಟ್ಟಿತ್ತು. ಬಾಯ್ಲರು ಆರಿ ತಣ್ಣಗಿತ್ತು.

"ಅವನು ಚಿಕ್ಕಂದಿನಿಂದ ಹಾಗೇನೇ," ಎಂದು ಅಕ್ಕ ಮೆಲ್ಲಗೆ ಹೇಳಿದಳು. "ಮನೇಲೂ ಯಾವ ಬಾಗಿಲನ್ನೂ ಹಾಕಲ್ಲ. ಮರಿ ಒಳಗಿಂದ ಬಡೀತಿದ್ದದ್ದು ಮೊದಲು ಕೇಳಿಸಿದ್ದು ಅವನಿಗೇನೇ."

"ಆರು ವರ್ಷ ನಂಗೆ," ಎಂದ ತಮ್ಮ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ. "ಎಗರಿದೆ, ಚಿಲಕ ಎಟುಕಲಿಲ್ಲ. ಓಡಿಹೋಗಿ ಎಲ್ಲಾ ಕಡೆ ಹುಡುಕಿ ವಾಪಸ್ ಬಂದ್ರೆ ದೊಡ್ಡಪ್ಪ ಚಿಲಕದ ಮೇಲೆ ಕೈಯಿಟ್ಕೊಂಡು ನಿಂತಿದ್ರು. ಬಡಿಯೋದು ನಿಂತುಹೋಗಿತ್ತು."

"ಶನಿವಾರ ನೀನು ಎಷ್ಟೊತ್ತಿಗೆ ಹೊರಟೆಪ್ಪಾ?"

"ಹನ್ನೆರಡಕ್ಕೆ ಬೆಂಕಿ ಕೆದಕಿ ಆರಿಸಿ, ಸೀದಾ ಮನೆಗೆ ಹೋಗಿ ಮಲಗಿದೆ. ಗಂಟೆ ಬಾರಿಸಿದ್ರೂ ಕೇಳೋಕೆ ಇಲ್ಲಿ ಯಾರೂ ಇರಲಿಲ್ಲ."

ಸರ್ವೇಯರ್ ತಲೆಯಾಡಿಸಿ, ಹಿತ್ತಲಿನ ಬೂದಿ ಗುಡ್ಡೆಯ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತರು. ಕಂಪೌಂಡರನ ಕೈಗೊಂದು ಕಬ್ಬಿಣದ ಜಾಲರಿ ಸಿಕ್ಕಿತು. ಒಂದು ತಾಸು ಬೂದಿ ಜರಡಿ ಹಿಡಿದು ಅವನ ಹೊಸ ಅಂಗಿ ಯಾವ ಬಣ್ಣದ್ದೆಂದು ಅವನಿಗೇ ಮರೆತುಹೋಯಿತು. "ಇದಕ್ಕೇ ನಾನು ಓದಿ ಪಾಸಾಗಿದ್ದು," ಎಂದು ಅವನು ಸಿಡುಕುವ ಹೊತ್ತಿಗೆ ಜಾಲರಿಯಲ್ಲಿ ಏನೋ ಟಣ್ ಎಂದಿತು. ಕರ್ರಗಾದ ಒಂದು ಪುಟ್ಟ ಹಿತ್ತಾಳೆ ಬಿಲ್ಲೆ, ಹಲಗೆಯಲ್ಲಿದ್ದವುಗಳ ಅರ್ಧದಷ್ಟೂ ಇಲ್ಲ. ಸರ್ವೇಯರ್ ಅದನ್ನು ಜೇಬಿಗಿಳಿಸಿದರು.

ಸಂಜೆ ಠಾಣೆಯಲ್ಲಿ ಇಸ್ತ್ರಿ ತಾತ ಕಂಬಿಯ ಹಿಂದೆ ಮುದುರಿ ಕೂತಿದ್ದ. "ಮೊಳೆ ಖಾಲಿ ಇತ್ತು ಸಾಮಿ. ಹಲಗೇಲಿ ಯಜಮಾನಣ್ಣನ ಬಿಲ್ಲೆ ಇತ್ತು. ಬಸ್ಸಿಗೆ ಹೋದ್ರು ಅಂದ್ಕೊಂಡೆ. ಆದ್ರೂ ಮೂರು ಸಲ ಕೂಗಿದೆ," ಎಂದ. "ಕೂಗಿದ್ರೇನು ಬಂತು, ಕಿವುಡರು. ಬಟ್ಟೆ ಸರಿಸಿ ಒಳಗೆ ನೋಡಿದ್ರೆ ಆಗ್ತಿತ್ತು. ಚಿಲಕ ಹಾಕಿದ್ದು ಈ ಕೈನೇ. ನನ್ನ ನೇಣಿಗೇ ಹಾಕ್ಲಿ ಬಿಡಿ."

"ಆಮೇಲೆ ಎಲ್ಲಿಗೆ ಹೋದೆ?"

"ಮಗಳ ಮನೆಗೆ. ಹನ್ನೆರಡೂಕಾಲಿನ ಬಸ್ಸು. ಭಾನುವಾರ ಸಂಜೆ ಬಂದೆ."

ಸರ್ವೇಯರ್ ಜೇಬಿನಿಂದ ಕರಿ ಬಿಲ್ಲೆ ತೆಗೆದು ತೋರಿಸಿದರು. ತಾತನ ಮುಖ ಒಂದು ಗಳಿಗೆ ಬೆಳಗಿತು. "ಇದು ಪುಟ್ಟೀದು! ಶನಿವಾರ ಬೆಳಿಗ್ಗೆ ಅಣ್ಣ ಮಾಡಿಸ್ಕೊಂಡು ಬಂದು ನಾಲ್ಕನೇ ಕೊಕ್ಕೆಗೆ ಹಾಕಿದ್ರು. ಇನ್ಮೇಲೆ ಈ ಮಹಾರಾಣೀನೂ ನಮ್ಮ ಲಾಂಡ್ರಿಯವಳೇ ಅಂತ ಎತ್ತಿ ಆಡಿಸಿದ್ರು. ಮಗು ಚಪ್ಪಾಳೆ ತಟ್ತು. ಇದು ಹೀಗೆ ಯಾಕೆ ಸುಟ್ಟೋಯ್ತು?"

ಬುಧವಾರ ಬೆಳಿಗ್ಗೆ ಲಾಂಡ್ರಿಯ ಕೌಂಟರಿನ ಮುಂದೆ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರು ತಾತನನ್ನು ಕರೆತಂದಿದ್ದರು. ತಮ್ಮ ಬೀದಿ ಬಾಗಿಲಿಗೆ ಒರಗಿ ನಿಂತಿದ್ದ, ಅದು ಮುಚ್ಚದ ಹಾಗೆ ಕಾಲು ಕೊಟ್ಟುಕೊಂಡು.

"ಬಿಲ್ಲೆ ಜಾಗ ಬದಲಾಯಿಸಿದೋನೇ ಕೊಲೆಗಾರ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ," ಎಂದು ಸರ್ವೇಯರ್ ಇನ್‌ಸ್ಪೆಕ್ಟರಿಗೆ ಹೇಳಿದರು. "ಆದರೆ ಒಳಗಿನ ಶೀಟುಗಳನ್ನ ನೀವು ನೋಡಲಿಲ್ಲ. ಹನ್ನೆರಡಕ್ಕೆ ಬೆಂಕಿ ಆರಿಸಿದ್ರೆ ಕೋಣೆ ಇಳಿಯೋ ಕಾವಲ್ಲಿ ಬಟ್ಟೆ ಒಣಗುತ್ತೆ ಅಷ್ಟೇ. ಪ್ರತಿ ಶನಿವಾರ ಹಾಗೇ ಒಣಗಿದೆ. ಈ ಸಲ ಅಂಚೆಲ್ಲಾ ಕಂದಿಹೋಗಿದೆ. ಅಂದ್ರೆ ಬಾಗಿಲು ಹಾಕಿದ್ಮೇಲೂ ಯಾರೋ ಗಂಟೆಗಟ್ಟಲೆ ಕಲ್ಲಿದ್ದಲು ಹಾಕಿ ಆವಿ ಏರಿಸಿದ್ದಾರೆ. ಆ ಹೊತ್ತಲ್ಲಿ ತಾತ ಬಸ್ಸಲ್ಲಿದ್ದ. ಕಂಡಕ್ಟರ್ ಹೇಳ್ತಾನೆ, ಮಗಳ ಮನೆ ಅಕ್ಕಪಕ್ಕದೋರೂ ಹೇಳ್ತಾರೆ."

"ಹಾಗಾದ್ರೆ ಯಾರು?"

"ಒಗೆಯೋ ಹೆಂಗಸರು ಹೋದಾಗ ಯಜಮಾನರು ಇಲ್ಲೇ ಮಾತಾಡ್ತಿದ್ರು. ಅಕ್ಕ ಹನ್ನೆರಡೂವರೆಯಿಂದ ನಾಲ್ಕರವರೆಗೆ ನಮ್ಮ ಕಂಪೌಂಡರ್ ಕಣ್ಣೆದುರಿಗೇ ಕೂತಿದ್ರು. ಉಳಿದೋನು ಒಬ್ಬನೇ. ಬಾಯ್ಲರ್ ಮನೇಲಿ ಬೆಂಕಿ ಹಾಕಿದ ಮನುಷ್ಯನಿಗೆ ಗಂಟೆ ಕೇಳಿಸಿರಲೇಬೇಕು. ಹಗ್ಗ ಕಿತ್ತುಬರೋ ತನಕ ಬಾರಿಸಿದೆ ಅದು."

ಯಾರೂ ತಮ್ಮನ ಕಡೆ ನೋಡಲಿಲ್ಲ. ಕಂಪೌಂಡರಿಗೆ ಮಾತ್ರ ನೋಡದೆ ಇರಲಾಗಲಿಲ್ಲ.

"ನನ್ನ ಕಾಡಿದ್ದು ಕೊಲೆ ಮಾಡಿದ ರೀತಿ," ಎಂದರು ಸರ್ವೇಯರ್. "ಯಾರನ್ನಾದ್ರೂ ಕೋಣೇಲಿ ಕೂಡಿಹಾಕಬೇಕಾದ್ರೆ ಬಾಗಿಲು ಎಳೆದು ಚಿಲಕ ಹಾಕ್ತಾರೆ, ಎರಡು ಕ್ಷಣದ ಕೆಲಸ. ಇಲ್ಲಿ ಕೊಲೆಗಾರ ಆ ಬಾಗಿಲನ್ನ ಮುಟ್ಟೇ ಇಲ್ಲ. ಬಿಲ್ಲೆ ಎತ್ತಿಟ್ಟು, ಬೇರೆಯವರ ಕೈಯಲ್ಲಿ ಚಿಲಕ ಹಾಕಿಸಿದ. ಇಷ್ಟು ಸುತ್ತುಬಳಸು ದಾರಿ ಯಾಕೆ ಹಿಡಿದ? ಬಾಗಿಲು ಮುಚ್ಚೋಕೆ ಅವನ ಕೈಲಿ ಸಾಧ್ಯವೇ ಇಲ್ಲ, ಅದಕ್ಕೆ. ಕಾರಣಾನೂ ಬೂದೀಲಿ ಸಿಕ್ತು." ಕರಿ ಬಿಲ್ಲೆಯನ್ನು ಅವರು ಕೌಂಟರಿನ ಮೇಲಿಟ್ಟರು. "ಮರಿಯ ಕೊಕ್ಕೆಗೆ ಪುಟ್ಟಿಯ ಬಿಲ್ಲೆ."

ತಮ್ಮ ಅದನ್ನು ನೋಡಿ ನಿಟ್ಟುಸಿರು ಬಿಟ್ಟ. ತಪ್ಪಿಸಿಕೊಳ್ಳುವ ಆಸೆ ಅವನ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

"ಹೌದು, ನಾನೇ. ನನ್ನ ತಂಗಿನ ಕೊಂದೋರು ನನ್ನ ಮಗಳಿಗೂ ಅದೇ ಕೊಕ್ಕೆ ಕೊಟ್ರು, ನಗ್ತಾ ನಗ್ತಾ. ಅವಳಿಗೂ ಈಗ ನಾಲ್ಕು ವರ್ಷ. ನೋಡದೆ ಹಾಕ್ದೆ ಅಂತ ಅವರು ಹೇಳ್ದಾಗ ನಾನು ಯಾವತ್ತೂ ನಂಬಿಲ್ಲ. ಮರಿ ಅಷ್ಟು ಜೋರಾಗಿ ಬಡೀತಿದ್ಲು. ಆಗಿನ್ನೂ ಅವರ ಕಿವಿ ಚೆನ್ನಾಗೇ ಕೇಳ್ತಿತ್ತು."

"ಗಂಟೆ ಎಷ್ಟು ಹೊತ್ತು ಬಾರಿಸ್ತು?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ಇಪ್ಪತ್ತು ನಿಮಿಷ ಇರಬೇಕು. ಆಮೇಲೆ ಬಾಗಿಲು ಬಡಿದ್ರು. ಮರಿ ಬಡೀತಿದ್ದ ಹಾಗೇನೇ ಇತ್ತು. ನಾನು ಕೂತು ಕೇಳಿದೆ."

ತಾತ ಮುಖ ಮುಚ್ಚಿಕೊಂಡು ಬಿಕ್ಕಿದ. ಮುಗಿಯಿತಲ್ಲ, ಇನ್ನು ಎದ್ದು ಹೋಗೋಣ ಎಂದು ಕಂಪೌಂಡರ್ ಸರ್ವೇಯರ ತೋಳು ಮುಟ್ಟಿದ. ಅವರು ಏಳಲಿಲ್ಲ. ಅಕ್ಕನನ್ನೇ ನೋಡುತ್ತಿದ್ದರು.

"ಇಲ್ಲಿಗೆ ನಿಲ್ಲಿಸಬಹುದಿತ್ತಮ್ಮ. ಆದರೆ ನಿಲ್ಲಿಸಬೇಡಿ ಅಂದೋರು ನೀವೇ. ಆ ಚಿಲಕ ಯಾಕೆ ಮೇಲಕ್ಕೆ ಹೋಯ್ತು?"

ಅಕ್ಕ ಬಿಸಿಕೋಣೆಯ ಕಡೆ ತಿರುಗಿ ನೋಡಿದಳು.

"ಒಳಗೆ ನೋಡದೆ ಚಿಲಕ ಹಾಕಿದ ಮನುಷ್ಯ ಪಶ್ಚಾತ್ತಾಪಕ್ಕೆ ಬಿಲ್ಲೆ ಕ್ರಮ ತರ್ತಾನೆ, ಗಂಟೆ ಕಟ್ಟಿಸ್ತಾನೆ, ಸರಿ. ಚಿಲಕ ಕಿತ್ತು ಇಷ್ಟೆತ್ತರಕ್ಕೆ ಯಾಕೆ ಹೊಡೀತಾನೆ? ದಿನಾ ದೊಡ್ಡವರೆಲ್ಲ ಮಣೆ ಹತ್ತಿ ಒದ್ದಾಡೋಕಾ? ಚಿಲಕ ಹಾಕಿದ ಕೈ ದೊಡ್ಡವರದ್ದಲ್ಲ ಅಂತ ಗೊತ್ತಿದ್ರೆ ಮಾತ್ರ ಹಾಗೆ ಮಾಡ್ತಾನೆ. ಹೆಗಲೆತ್ತರದ ಚಿಲಕ ಆರು ವರ್ಷದ ಹುಡುಗನಿಗೆ ಎಗರಿದ್ರೂ ಎಟುಕಲಿಲ್ಲ. ಒಂಬತ್ತು ವರ್ಷದವಳಿಗೆ ಎಟುಕುತ್ತೆ."

"ಅಕ್ಕಾ?" ಎಂದ ತಮ್ಮ.

ಅಕ್ಕ ಕೌಂಟರಿನ ಅಂಚು ಹಿಡಿದು ನಿಂತಳು. ಮಾತು ಬಂದಾಗ ಬಹಳ ದಿನದಿಂದ ಬಾಯಿಪಾಠ ಮಾಡಿಟ್ಟಿದ್ದನ್ನು ಒಪ್ಪಿಸುವಂತೆ ಬಂತು.

"ಕಣ್ಣಾಮುಚ್ಚಾಲೆ ಆಡ್ತಿದ್ವಿ. ಅವಳು ಹಿಂದೆ ಹಿಂದೆನೇ ಬರ್ತಿದ್ಲು, ನಾನು ಎಲ್ಲಿ ಬಚ್ಚಿಟ್ಕೊಂಡ್ರೂ ಕೂಗಿ ಹೇಳ್ಬಿಡ್ತಿದ್ಲು. ಸ್ವಲ್ಪ ಹೊತ್ತು ಇಲ್ಲೇ ಇರು ಅಂತ ಚಿಲಕ ಹಾಕ್ದೆ. ಆಚೆ ಬೀದಿ ಹುಡುಗೀರು ಕರೆದ್ರು, ಹೋದೆ. ಮರೆತೇಬಿಟ್ಟೆ. ಬರೋ ಹೊತ್ತಿಗೆ ದೊಡ್ಡಪ್ಪ ಬಾಗಿಲು ತೆಗೆದು ಅವಳನ್ನ ಎತ್ಕೊಂಡು ಕೂತಿದ್ರು. ನನ್ನ ಮುಖ ನೋಡ್ದ ತಕ್ಷಣ ಅವರಿಗೆ ಗೊತ್ತಾಯ್ತು. ಇದು ನನ್ನ ತಲೆ ಮೇಲಿರ್ಲಿ ಮಗಳೇ, ನಿನ್ನದು ಇನ್ನೂ ಚಿಕ್ಕ ತಲೆ ಅಂದ್ರು. ಸಾಯೋ ತನಕ ಇನ್ನೊಂದು ಮಾತು ಆಡ್ಲಿಲ್ಲ."

"ನೀನು ಹೇಳ್ಬೇಕಿತ್ತು," ಎಂದ ತಮ್ಮ. ಸಿಟ್ಟಿನಿಂದ ಅಲ್ಲ. ದಾರಿ ತಪ್ಪಿದ ಮಗು ಕೇಳುವ ಹಾಗಿತ್ತು. "ಒಂದು ಸಲ ಹೇಳಿದ್ರೆ ಸಾಕಾಗ್ತಿತ್ತು. ನಾನು ಅವರ ಹತ್ರ ಮಾತಾಡ್ತಿದ್ದೆ. ಅವರು ತಂದಿದ್ದನ್ನ ತಿಂತಿದ್ದೆ. ಇಷ್ಟು ವರ್ಷ ಅವರ ಮುಖ ನೋಡ್ಲಿಲ್ಲ ನಾನು."

"ಶನಿವಾರ ನೀನು ಹಲಗೆ ಹತ್ರ ನಿಂತಿದ್ದು ನೋಡ್ದೆ," ಎಂದಳು ಅಕ್ಕ. "ನೀನು ಪುಟ್ಟಿ ಬಿಲ್ಲೆ ಕಿತ್ಕೊಂಡೆ, ಒಂದನೇ ಕೊಕ್ಕೆಗೆ ಏನೋ ಹಾಕ್ದೆ. ಕೋಪ ಬಂದಿದೆ, ತಣ್ಣಗಾಗುತ್ತೆ ಅಂತ ನಾನು ಮಗು ಎತ್ಕೊಂಡು ಹೋಗ್ಬಿಟ್ಟೆ. ಸೋಮವಾರ ಬಾಗಿಲು ತೆಗೆದಾಗ ಅರ್ಥ ಆಯ್ತು. ಆಗ್ಲೂ ನನ್ನ ಬಾಯಿಂದ ಬರ್ಲಿಲ್ಲ ಕಣೋ. ತಾತನ್ನೂ ಬಿಡಕ್ಕಾಗ್ಲಿಲ್ಲ, ನಿನ್ನ ಹೆಸರೂ ಹೇಳಕ್ಕಾಗ್ಲಿಲ್ಲ. ಬೇರೆ ಯಾರಾದ್ರೂ ಹೇಳ್ಲಿ ಅಂತ ಇವರ ಹತ್ರ ಹೋದೆ."

ತಮ್ಮ ಕೈ ಮುಂದೆ ಚಾಚಿ ಇನ್‌ಸ್ಪೆಕ್ಟರಿಗೆ ಕೊಟ್ಟ. ಹೊರಗೆ ಜೀಪಿನ ಹಿಂದಿನ ಬಾಗಿಲು ಹಾಕುವಾಗ ಅವನು ಕಿರುಚಿದ ಶಬ್ದ ಒಳಗಿದ್ದವರಿಗೆಲ್ಲ ಕೇಳಿಸಿತು. ಕಂಪೌಂಡರ್ ಕಿವಿ ಮುಚ್ಚಿಕೊಂಡ.

ಅಕ್ಕ ಓಡಿಹೋಗಿ ಜೀಪಿಗೆ ಅಡ್ಡ ನಿಂತಳು. "ನನ್ನನ್ನೂ ಕರ್ಕೊಂಡು ಹೋಗಿ. ಇಬ್ಬರನ್ನೂ ಕೊಂದಿದ್ದು ನಾನೇ."

"ಒಂಬತ್ತು ವರ್ಷದ ಮಗು ಮೇಲೆ ಯಾವ ಕೇಸೂ ಆಗಲ್ಲಮ್ಮ," ಎಂದರು ಇನ್‌ಸ್ಪೆಕ್ಟರು, ಒರಟು ಮನುಷ್ಯನಾದರೂ ದನಿ ತಗ್ಗಿಸಿ. "ಬಿಲ್ಲೆ ಹಾಕಿದ್ದನ್ನ ನೋಡಿರೋರು ನೀವೊಬ್ಬರೇ. ಕೋರ್ಟಿಗೆ ಕರೆಸ್ತೀವಿ. ಅವನ ಎದುರಿಗೇ ಹೇಳಬೇಕಾಗುತ್ತೆ. ಈಗ ಮನೆಗೆ ಹೋಗಿ."

ಜೀಪು ಹೋಯಿತು. ಬಿಡುಗಡೆಯಾದ ತಾತ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಇಸ್ತ್ರಿ ಮೇಜಿನ ಹತ್ತಿರ ಹೋಗಿ ನಿಂತ. ಸರ್ವೇಯರ್ ಟೋಪಿ ಕೈಯಲ್ಲಿ ಹಿಡಿದು ಬೀದಿಗಿಳಿದರು. ಗೆದ್ದ ಕೇಸಿನ ದಿನ ಅವರು ಒಂದಿಷ್ಟು ಹರಟುವುದುಂಟು; ಅಂದು ನೇರ ಮನೆಯ ದಾರಿ ಹಿಡಿದರು.

ಅಕ್ಕ ಲಾಂಡ್ರಿಯ ಮೆಟ್ಟಿಲ ಮೇಲೆ ಬಂದು ಕೂತಿದ್ದಳು. ಬಿಸಿಲು ಏರುತ್ತಿತ್ತು. ಆಸ್ಪತ್ರೆಯ ಡ್ಯೂಟಿ ಮುಗಿಸಿ ತಮ್ಮನ ಹೆಂಡತಿ ಇಷ್ಟು ಹೊತ್ತಿಗೆ, ಎಲ್ಲರೂ ಕೂಡಿ ಇದ್ದ ದೊಡ್ಡಪ್ಪನ ಮನೆಗೆ ಬಂದಿರುತ್ತಾಳೆ, ಪುಟ್ಟಿಗೆ ಮಾತ್ರೆ ಕೊಡುವ ಹೊತ್ತೂ ಆಯಿತು ಎಂದು ಕಂಪೌಂಡರಿಗೆ ನೆನಪಾಯಿತು. ಅವನು ಹತ್ತಿರ ಹೋಗಿ ಬಗ್ಗಿದ.

"ಏಳಿ ತಾಯಿ. ನಾನು ಮನೆ ತನಕ ಬಿಟ್ಟು ಬರ್ತೀನಿ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು.

"ಯಾರ ಮನೆಗೆ?" ಎಂದು ಕೇಳಿದಳು.